ವಾರಸುದಾರರಿಲ್ಲದ ಸಾವಿನ ದಫ್ತರ

ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ದೊಡ್ಡ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಸಮಾಧಿಗಳಿವೆ. ಇಂಥವನ್ನು ಈ ಕಡೆಯ ಜನ ಮೋರೇರ ಮನೆ ಎನ್ನುತ್ತಾರೆ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕರ ಪರವಾಗಿ 1840ರ ದಶಕದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ಈ ಸಮಾಧಿಗಳನ್ನು ಗಮನಿಸಿ ವಿವರ ಬರೆದಿಟ್ಟ. ಭೀಮಾ ನದಿಯ ಕಡೆಗಿರುವ ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿ ಅಸ್ಥಿ ಹೇಗೆ ಮಲಗಿತ್ತು, ಪಕ್ಕದಲ್ಲಿ ಯಾವ ಮಡಕೆ ಇತ್ತು ಎಂಬುದನ್ನೂ ದಾಖಲಿಸಿದ. ಆ ಬರಹ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯವರೆಗೂ ಹೋಗಿ ಅಚ್ಚಾಯಿತು. ಸಾವಿರಾರು ವರ್ಷಗಳ ಹಿಂದೆ ಸತ್ತ ಹೆಸರಿಲ್ಲದವರ ಬಗ್ಗೆ ನಮ್ಮಲ್ಲಿ ಇಷ್ಟು ಬರಹವಿದೆ. ಆದರೆ ರೈಲು ನಿಲ್ದಾಣದಲ್ಲೋ ಕಾಲುವೆಯಲ್ಲೋ ಆಸ್ಪತ್ರೆಯ ವರಾಂಡದಲ್ಲೋ ಸಿಕ್ಕು, ಯಾರೂ ಬಾರದೆ ನಗರಸಭೆಯ ಖರ್ಚಿನಲ್ಲಿ ಮಣ್ಣಾಗುವವರ ಬಗ್ಗೆ ಮರಣ ನೋಂದಣಿಯಲ್ಲಿ ಉಳಿಯುವುದು ಸಾಮಾನ್ಯವಾಗಿ ಒಂದು ಸಾಲು: ಅಪರಿಚಿತ, ಗಂಡಸು, ಅಂದಾಜು ಇಷ್ಟು ವಯಸ್ಸು. ಅದೇ ಮನುಷ್ಯನ ಮುಖದ ಚಿತ್ರ ಮಾತ್ರ ಸಾವಿರಾರು ಮೊಬೈಲುಗಳಲ್ಲಿ ಓಡಾಡಿರುತ್ತದೆ. ವಾರಸುದಾರರಿಲ್ಲದ ಸಾವಿನ ವಿಷಯದಲ್ಲಿ ನಮ್ಮ ಆಡಳಿತ ಬರೆದಿಡುವುದು ತೀರ ಕಡಿಮೆ, ತೋರಿಸುವುದು ತೀರ ಹೆಚ್ಚು ಎಂಬುದೇ ನನ್ನ ವಾದ. ಯಾದಗಿರಿ, ಶಹಾಪುರ, ಸುರಪುರದ ಚರಿತ್ರೆಯನ್ನು ನೋಡಿದರೆ ಈ ಕ್ರಮ ಯಾವಾಗಲೂ ಹೀಗಿರಲಿಲ್ಲ ಎಂಬುದೂ, ಇದು ಹೀಗೇ ಇರಬೇಕಾಗಿಲ್ಲ ಎಂಬುದೂ ಕಾಣುತ್ತದೆ.

ನಿಜಾಮರ ಹೈದರಾಬಾದ್ ರಾಜ್ಯದಲ್ಲಿ ಊರಿನ ಅಧಿಕಾರ ಎರಡು ಪಟೇಲಿಕೆಗಳಲ್ಲಿ ಹಂಚಿಹೋಗಿತ್ತು. ಕಂದಾಯಕ್ಕೆ ಮಾಲಿ ಪಟೇಲ, ಕಾವಲು ಕಟ್ಟಳೆಗೆ ಪೊಲೀಸ್ ಪಟೇಲ. ಲೆಕ್ಕಪತ್ರ ಪಟವಾರಿಯದು, ಅಂದರೆ ಕುಲಕರ್ಣಿಯದು. ಊರಿನ ಎಲ್ಲೆಯಲ್ಲಿ ಅಪರಿಚಿತ ಹೆಣ ಸಿಕ್ಕರೆ ಮೇಲಕ್ಕೆ ವರದಿ ಮಾಡುವುದು ಪೊಲೀಸ್ ಪಟೇಲನ ಹೊಣೆ. ಪಂಚರನ್ನು ಕೂಡಿಸಿ ಪಂಚನಾಮೆ ಬರೆಸುತ್ತಿದ್ದರು. ಹಲಗಿ ಬಾರಿಸಿ ಡಂಗುರ ಸಾರಿಸುತ್ತಿದ್ದರು. ಸಂತೆಗೆ ಬಂದ ಸುತ್ತಲ ಹಳ್ಳಿಯವರು ಸುದ್ದಿ ಒಯ್ಯುತ್ತಿದ್ದರು. ಈ ಏರ್ಪಾಡನ್ನು ಹೊಗಳಿ ಹಾಡುವಂತಿಲ್ಲ. ಹಲಗಿ ಬಾರಿಸಿದವರು, ಹೆಣ ಹೊತ್ತವರು, ಕುಣಿ ತೋಡಿದವರು ಊರ ಹೊರಗೆ ಇರಿಸಲ್ಪಟ್ಟ ಜಾತಿಯವರು. ಅದು ಅವರ ಮೇಲೆ ಹೇರಿದ ಬಿಟ್ಟಿ ಚಾಕರಿ. ಪಂಚನಾಮೆಯಲ್ಲಿ ಅವರ ಮಾತಿಗೆ ಬೆಲೆಯೂ ಇರಲಿಲ್ಲ. ಆದರೆ ಮಾಹಿತಿಯ ದೃಷ್ಟಿಯಿಂದ ಆ ಕ್ರಮದಲ್ಲಿ ಎರಡು ಗುಣಗಳಿದ್ದವು. ಡಂಗುರದ ದನಿ ಎಷ್ಟು ದೂರ ಕೇಳುತ್ತದೋ ಅಷ್ಟೇ ದೂರ ಸತ್ತವನ ಗುರುತು ಹೋಗುತ್ತಿತ್ತು, ಮತ್ತು ಹುಡುಕಾಟ ಮುಗಿದ ಮೇಲೆ ಆ ಸದ್ದು ನಿಲ್ಲುತ್ತಿತ್ತು. ಪಂಚನಾಮೆಯ ಕಾಗದ ಮಾತ್ರ ಕಚೇರಿಯಲ್ಲಿ ಉಳಿಯುತ್ತಿತ್ತು. ಸಾರುವುದಕ್ಕೆ ಒಂದು ಮಿತಿ, ಬರೆದಿಡುವುದಕ್ಕೆ ಬೇರೊಂದು ಜಾಗ. ಈ ಬೇರ್ಪಡೆಯನ್ನು ಯಾರೂ ಸಿದ್ಧಾಂತ ಮಾಡಿ ತಂದದ್ದಲ್ಲ, ಆ ಕಾಲದ ಸಾಧನಗಳೇ ಹಾಗಿದ್ದವು. ಆದರೂ ಅದರಿಂದ ಆದ ಒಳಿತು ಒಳಿತೇ.

ಅಪರಿಚಿತ ಸಾವು ಈ ನೆಲಕ್ಕೆ ಆಡಳಿತದ ಪ್ರಶ್ನೆಯಾಗಿ ಬಂದದ್ದು ರೈಲಿನ ಜೊತೆಗೆ. ಮುಂಬಯಿ ಕಡೆಯಿಂದ ಯಾದಗಿರಿ ಮೇಲೆ ಹಾದು ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಅದಾಗಿ ಐದೇ ವರ್ಷಕ್ಕೆ, 1876–78ರ ಮಹಾ ಬರಗಾಲ. ಹಸಿದ ಜನ ಊರು ಬಿಟ್ಟು ನಡೆದರು, ದಾರಿಯಲ್ಲೇ ಬಿದ್ದು ಸತ್ತರು. ಸತ್ತ ಜಾಗದವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ಹೈದರಾಬಾದ್ ರಾಜ್ಯದಲ್ಲಿ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಹಾಗಾಗಿ ಆ ಬರದಲ್ಲಿ ಅಳಿದವರನ್ನು ಹೆಸರಿನಿಂದ ಎಣಿಸುವುದು ಹಾಗಿರಲಿ, ತಲೆಲೆಕ್ಕದಲ್ಲಿ ಹೋಲಿಸಿ ನೋಡುವುದಕ್ಕೂ ಹಿಂದಿನ ಪಟ್ಟಿ ಇರಲಿಲ್ಲ. ಮುಂದೆ ಕಚೇರಿಯ ಕಾಗದ ಉರ್ದುವಿಗೆ ತಿರುಗಿತು, 1956ರ ನವೆಂಬರ್ 1ರ ನಂತರ ಕನ್ನಡಕ್ಕೆ ಬಂತು. ಹಳೆಯ ದಫ್ತರವನ್ನು ಓದಬಲ್ಲವರು ಕಡಿಮೆಯಾದ ಹಾಗೆ ಅದನ್ನು ಕಾಪಾಡುವ ಕಾಳಜಿಯೂ ಕಡಿಮೆಯಾಯಿತು. ದಾಖಲೆ ಒಬ್ಬರ ಕೈಯಲ್ಲೇ ಉಳಿದರೆ ಏನಾಗುತ್ತದೆ ಎಂಬುದು ಸುರಪುರಕ್ಕೆ ಚೆನ್ನಾಗಿ ಗೊತ್ತಿದೆ. 1858ರಲ್ಲಿ ವೆಂಕಟಪ್ಪ ನಾಯಕರು ಸೆರೆಯಲ್ಲಿದ್ದಾಗ ಗುಂಡು ತಗುಲಿ ತೀರಿಕೊಂಡದ್ದು ಹೇಗೆ ಎಂಬುದಕ್ಕೆ ಇರುವ ಮುಖ್ಯ ಆಧಾರ ಆಳುವವರ ಕಡೆಯ ಬರಹ. ಆ ಬರಹದ ಮೇಲಿನ ಅನುಮಾನ ಒಂದೂವರೆ ಶತಮಾನ ಕಳೆದರೂ ಹೋಗಿಲ್ಲ. ರಾಜನ ಸಾವಿಗೇ ಈ ಗತಿಯಾದರೆ ಗುಳೆ ಹೋದ ಕೂಲಿಕಾರನ ಸಾವಿನ ಕಾಗದ ಎಷ್ಟು ಗಟ್ಟಿಯಿರಬೇಕು ಎಂದು ಯೋಚಿಸಬೇಕಾಗುತ್ತದೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ ಹೋಯಿತು. ಹೋಗಲೇಬೇಕಾಗಿತ್ತು. ಆದರೆ ಅಪರಿಚಿತ ಸಾವಿಗೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯನೂ ಅದರೊಂದಿಗೆ ಹೋದ. 1969ರ ಜನನ ಮರಣ ನೋಂದಣಿ ಕಾಯ್ದೆಯ 8ನೇ ಕಲಮು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋದ ಶವ ಸಿಕ್ಕರೆ ಹಳ್ಳಿಯಲ್ಲಿ ಊರ ಮುಖ್ಯಸ್ಥ ಅಥವಾ ಅವನಿಗೆ ಸಮನಾದ ಅಧಿಕಾರಿ, ಉಳಿದೆಡೆ ಪೊಲೀಸ್ ಠಾಣೆಯ ಅಧಿಕಾರಿ ನೋಂದಣಿಗೆ ತಿಳಿಸಬೇಕೆಂದು ಹೇಳುತ್ತದೆ. ಪಟೇಲರ ಕಾಲದ ಹೊಣೆಗಾರಿಕೆಯ ನೆರಳು ಆ ಸಾಲಿನಲ್ಲಿದೆ. ಅದೇ ಕಾಯ್ದೆಯ 17ನೇ ಕಲಮು ಇನ್ನೂ ಮುಖ್ಯ. ಮರಣ ದಾಖಲೆಯ ಪ್ರತಿಯನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು, ಆದರೆ ಆ ಪ್ರತಿಯಲ್ಲಿ ಸಾವಿನ ಕಾರಣವನ್ನು ತೋರಿಸುವಂತಿಲ್ಲ. ವೈಯಕ್ತಿಕ ದತ್ತಾಂಶ ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲಿ ಸಂಸತ್ತು ಕಾರಣವನ್ನು ಬರೆ, ಭದ್ರವಾಗಿ ಇಡು, ಕೇಳಿದವರಿಗೆಲ್ಲ ಹಂಚಬೇಡ ಎಂದು ಹೇಳಿತ್ತು. ಹೊಸ ತತ್ತ್ವವನ್ನು ಹೊರಗಿನಿಂದ ತರಬೇಕಾದ ಅಗತ್ಯ ನಮಗಿಲ್ಲ. ಇರುವುದನ್ನು ಹಿಗ್ಗಿಸಿದರೆ ಸಾಕು.

ಇಂದು ಒಂದು ಅಪರಿಚಿತ ಶವದ ಮಾಹಿತಿ ಎಷ್ಟು ಕೈ ದಾಟುತ್ತದೆ ನೋಡೋಣ. ಯಾದಗಿರಿ ನಿಲ್ದಾಣದ ಹಳಿ ಮೇಲೆ ಸಿಕ್ಕರೆ ರೈಲ್ವೆ ಪೊಲೀಸರು, ಊರೊಳಗೆ ಸಿಕ್ಕರೆ ನಗರ ಠಾಣೆ. ಅಸಹಜ ಸಾವಿನ ಪ್ರಕರಣ ದಾಖಲಾಗುತ್ತದೆ. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಡಿ, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ. ಠಾಣೆಯ ಮಾತಿನಲ್ಲಿ ಇದಕ್ಕೆ ಯುಡಿಆರ್ ಎಂದೇ ಹೆಸರು. ಶವ ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ, ಮರಣೋತ್ತರ ಪರೀಕ್ಷೆಯಾಗುತ್ತದೆ, ಪತ್ರಿಕೆಗಳಿಗೆ ಪ್ರಕಟಣೆ ಹೋಗುತ್ತದೆ. ಯಾರೂ ಬಾರದಿದ್ದರೆ 1957ರ ಅಂಗರಚನಾ ಕಾಯ್ದೆಯ ಪ್ರಕಾರ ವೈದ್ಯಕೀಯ ಕಾಲೇಜಿಗೆ ಕೊಡುವ ದಾರಿಯೂ ಇದೆ. ಇಲ್ಲವಾದರೆ ನಗರಸಭೆಯ ಪೌರಕಾರ್ಮಿಕರು ಹೂಳುತ್ತಾರೆ. ಪೊಲೀಸರ ಕಡತದಲ್ಲಿ ಚಿತ್ರವೂ ಬೆರಳಚ್ಚೂ ಇರುತ್ತದೆ, ಆಸ್ಪತ್ರೆಯಲ್ಲಿ ಸಾವಿನ ಕಾರಣ ಇರುತ್ತದೆ, ನಗರಸಭೆಯಲ್ಲಿ ಖರ್ಚಿನ ಬಿಲ್ಲು ಇರುತ್ತದೆ. ಈ ಮೂರನ್ನೂ ಒಂದೇ ಹಾಳೆಗೆ ತರುವ ಹೊಣೆ ಯಾರ ಹೆಗಲ ಮೇಲೂ ಇಲ್ಲ. ಇನ್ನು ಈ ಜಿಲ್ಲೆಯ ನೀರಿನ ವಿಷಯ. 1982ರಲ್ಲಿ ಮುಗಿದ ನಾರಾಯಣಪುರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳನ್ನು ದಾಟಿ ಮುಂದೆ ಹೋಗುತ್ತದೆ. ಒಂದು ಠಾಣೆಯ ಸರಹದ್ದಿನಲ್ಲಿ ನೀರಿಗೆ ಬಿದ್ದವರು ಇನ್ನೊಂದು ತಾಲ್ಲೂಕಿನಲ್ಲಿ ಸಿಗುತ್ತಾರೆ. ಕಾಣೆಯಾದವರ ದೂರು ಒಂದು ಕಡೆ, ಶವ ಇನ್ನೊಂದು ಕಡೆ. ಹೂತ ಜಾಗದ ಗುರುತು ಕುಣಿ ತೋಡಿದವರ ನೆನಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇರದಿರುವುದೇ ಹೆಚ್ಚು.

ಬರೆದಿಡುವುದು ಹೀಗಾದರೆ, ತೋರಿಸುವುದು ಬೇರೆ ರೀತಿ. ಪತ್ರಿಕೆಯ ಒಳಪುಟದಲ್ಲಿ ಬರುವ ಪ್ರಕಟಣೆಯ ಧಾಟಿ ನಮಗೆಲ್ಲ ಬಾಯಿಪಾಠ: ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಹಚ್ಚೆ, ಮೈಮೇಲೆ ಇಂಥ ಬಣ್ಣದ ಅಂಗಿ. ಅಲ್ಲಿಯವರೆಗೆ ಸರಿ. ಬಳಗದವರು ಗುರುತು ಹಿಡಿಯುವುದು ಇವುಗಳಿಂದಲೇ. ಆದರೆ ಹಲವು ಸಲ ಅದರೊಂದಿಗೆ ಭಿಕ್ಷುಕ ಎಂಬ ತೀರ್ಪು, ಕುಡಿತದಿಂದ ಸತ್ತಿರಬಹುದೆಂಬ ಊಹೆ, ಮೈಮೇಲಿನ ಗುರುತಿನಿಂದ ಕಟ್ಟಿದ ಜಾತಿ ಧರ್ಮದ ಅಂದಾಜು, ಕಾಯಿಲೆಯ ಹೆಸರು ಎಲ್ಲವೂ ಸೇರುತ್ತವೆ. ಧರ್ಮದ ಗುರುತು ಅಂತ್ಯಕ್ರಿಯೆ ಮಾಡುವವರಿಗೆ ಬೇಕು. ಖಬರಸ್ತಾನಕ್ಕೋ ರುದ್ರಭೂಮಿಗೋ ಎಂಬುದನ್ನು ನಿರ್ಧರಿಸಬೇಕಾದವರು ಅವರು. ಆದರೆ ಓದುಗನಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಮೊಬೈಲು ಬಂದ ಮೇಲಂತೂ ಹೆಣದ ಮುಖವನ್ನೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಬಿಡುವುದು ಮಾಮೂಲಾಗಿದೆ. ಮಕ್ಕಳು ತಂದೆಯ ಸಾವನ್ನು ಆ ಚಿತ್ರದಿಂದ ತಿಳಿಯುತ್ತಾರೆ. ಗುರುತು ಸಿಕ್ಕಿ, ಮಣ್ಣು ಮುಗಿದು, ವರ್ಷ ಕಳೆದರೂ ಆ ಚಿತ್ರ ಎಲ್ಲೋ ಒಂದು ಕಡೆ ಉಳಿದೇ ಇರುತ್ತದೆ. ಅದನ್ನು ಹಿಂದಕ್ಕೆ ಕರೆಯುವ ಹೊಣೆ ಯಾರಿಗೂ ಇಲ್ಲ.

2020 ಮತ್ತು 2021ರಲ್ಲಿ ಇದೆಲ್ಲ ಒಮ್ಮೆಗೇ ಬಯಲಾಯಿತು. ಮಹಾರಾಷ್ಟ್ರದಿಂದ ಗುಳೆಯ ಕುಟುಂಬಗಳು ಮರಳಿದ 2020ರ ಮೇ, ಜೂನ್ ತಿಂಗಳಲ್ಲಿ ಯಾದಗಿರಿ ಜಿಲ್ಲೆಯ ಕೋವಿಡ್ ಸೋಂಕಿನ ಸಂಖ್ಯೆ ರಾಜ್ಯದ ಗಮನಕ್ಕೆ ಬಂತು. ರಾಜ್ಯದ ನಿತ್ಯದ ಬುಲೆಟಿನ್‌ನಲ್ಲಿ ಹೆಸರಿನ ಬದಲು ರೋಗಿಯ ಸಂಖ್ಯೆ ಇರುತ್ತಿತ್ತು; ಪಕ್ಕದಲ್ಲೇ ವಯಸ್ಸು, ಲಿಂಗ, ಜಿಲ್ಲೆ, ಸತ್ತವರಾದರೆ ಅವರಿಗಿದ್ದ ಬೇರೆ ಕಾಯಿಲೆಗಳು. ಬೆಂಗಳೂರಿನಂಥ ಊರಲ್ಲಿ ಸಂಖ್ಯೆಯ ಹಿಂದೆ ಅಡಗಬಹುದು. ಸಣ್ಣ ಊರಲ್ಲಿ ಅಷ್ಟು ವಿವರ ಸಿಕ್ಕರೆ ಮನೆಯೇ ಸಿಕ್ಕಂತೆ. ಅದಕ್ಕೂ ಮುಂಚೆ, 2020ರ ಮಾರ್ಚಿನಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳನ್ನೇ ಸರ್ಕಾರ ಪ್ರಕಟಿಸಿತ್ತು. ಜೂನ್ ಕೊನೆಗೆ ಬಳ್ಳಾರಿಯಲ್ಲಿ ಹಲವು ಶವಗಳನ್ನು ಒಂದೇ ಗುಂಡಿಗೆ ಹಾಕುವ ವಿಡಿಯೊ ಹೊರಬಿತ್ತು, ಅದರ ಬೆನ್ನಿಗೇ ಯಾದಗಿರಿ ಜಿಲ್ಲೆಯಿಂದಲೂ ಶವವನ್ನು ಎಳೆದೊಯ್ಯುವ ದೃಶ್ಯ ಬಂತು. ಆ ಎರಡು ವಿಡಿಯೊಗಳು ಒಳ್ಳೆಯ ಕೆಲಸವನ್ನೇ ಮಾಡಿದವು, ನಾಡಿನ ಮನಸ್ಸು ಕಲಕಿತು, ಅಧಿಕಾರಿಗಳು ಉತ್ತರ ಹೇಳಬೇಕಾಯಿತು. ಆದರೆ ಅಕ್ರಮವನ್ನು ಬಯಲಿಗೆಳೆಯಲು ಸತ್ತವರನ್ನೇ ಬಯಲಿಗೆಳೆಯಬೇಕಾಯಿತು ಎಂದರೆ ಅದಕ್ಕೂ ಮುಂಚೆ ಕೇಳಿ ನೋಡಬಹುದಾದ ದಾಖಲೆ ಇರಲಿಲ್ಲ ಎಂದರ್ಥ. 2021ರ ಜೂನ್‌ನಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಅಂದಿನ ಕಂದಾಯ ಸಚಿವ ಆರ್. ಅಶೋಕ ಮಂಡ್ಯ ಜಿಲ್ಲೆಯಲ್ಲಿ ಕಾವೇರಿಗೆ ಬಿಟ್ಟರು. ಅವರ ಬಳಗ ಎಲ್ಲೆಲ್ಲಿ ಹಂಚಿಹೋಗಿದೆಯೋ, ಸುದ್ದಿ ಎಲ್ಲರಿಗೂ ಮುಟ್ಟಿತೆಂದು ಧೈರ್ಯವಾಗಿ ಹೇಳಲು ಬರುವುದಿಲ್ಲ.

ಗುಳೆಯ ಮಾತು ಇಲ್ಲಿ ಬಂದದ್ದು ಸುಮ್ಮನೆ ಅಲ್ಲ. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡಗಳಲ್ಲಿ ದುಡಿಯಲು ಈ ಮೂರೂ ತಾಲ್ಲೂಕುಗಳಿಂದ ಜನ ಹೋಗುತ್ತಾರೆ. ಹಾಗಾಗಿ ಯಾದಗಿರಿಗೆ ಅಪರಿಚಿತರ ಸಾವು ಒಂದು ಪ್ರಶ್ನೆಯಾದರೆ, ಬೇರೆಡೆ ಅಪರಿಚಿತರಾಗಿ ಸಾಯುವ ಯಾದಗಿರಿಯವರು ಇನ್ನೊಂದು ಪ್ರಶ್ನೆ. ಹಾಗೆ ಸತ್ತವರ ಮನೆಯವರಿಗೆ ಮರಣ ಪ್ರಮಾಣಪತ್ರ ಸಿಗುವುದಿಲ್ಲ. ಅದಿಲ್ಲದೆ ಹೊಲದ ಪೌತಿ ಖಾತೆ ಆಗುವುದಿಲ್ಲ, ವಿಧವಾ ವೇತನ ಬರುವುದಿಲ್ಲ, ವಿಮೆಯ ಹಣ ಕೈಗೆ ಬರುವುದಿಲ್ಲ. ಆಗ ಉಳಿಯುವ ದಾರಿ, ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಸಾಧಿಸುವ ಭಾರ ಹಾಗೆ ಹೇಳುವವರ ಮೇಲೆಯೇ ಎಂಬ ಹಳೆಯ ನಿಯಮ. 1872ರ ಸಾಕ್ಷ್ಯ ಕಾಯ್ದೆಯಿಂದ ಬಂದ ಆ ನಿಯಮ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಏಳು ವರ್ಷ ಕಾದು, ಮತ್ತೆ ಕೋರ್ಟಿಗೆ ಅಲೆಯಬೇಕು. ಅಷ್ಟರಲ್ಲಿ ಆ ಮನುಷ್ಯ ಬೇರೆ ಯಾವುದೋ ಊರಿನ ಸ್ಮಶಾನದಲ್ಲಿ, ಬೇರೆ ಯಾವುದೋ ನೋಂದಣಿ ಪುಸ್ತಕದಲ್ಲಿ ಅಪರಿಚಿತ ಎಂಬ ಸಾಲಿನಡಿ ಮಲಗಿರುತ್ತಾನೆ. ಬೆರಳಚ್ಚು, ಡಿಎನ್‌ಎ ಮಾದರಿ, ಹಲ್ಲಿನ ವಿವರ, ಹಚ್ಚೆಯ ಚಿತ್ರ, ಹೂತ ಜಾಗದ ಸಂಖ್ಯೆ ಇಷ್ಟು ಭದ್ರವಾಗಿದ್ದರೆ ಏಳು ವರ್ಷ ಏಳು ದಿನಕ್ಕೆ ಇಳಿಯಬಹುದು. ದಾಖಲೆ ತುಂಬಾ ಇರಬೇಕೆಂದು ನಾನು ಹಟ ಹಿಡಿಯುವುದು ಈ ವಿಧವೆಯರಿಗಾಗಿ, ಈ ಮಕ್ಕಳಿಗಾಗಿ.

ಇದಕ್ಕೆ ಆಕ್ಷೇಪಗಳಿವೆ. ಪೊಲೀಸರೂ ಪತ್ರಕರ್ತರೂ ಎತ್ತುವ ಮೊದಲನೆಯದು: ತೋರಿಸುವುದನ್ನು ಕಡಿಮೆ ಮಾಡಿದರೆ ಬಳಗದವರು ಸಿಗುವುದಾದರೂ ಹೇಗೆ? ಇದು ಸರಿಯಾದ ಪ್ರಶ್ನೆ. ಹುಡುಕಾಟದ ದಿನಗಳಲ್ಲಿ ಗುರುತನ್ನು ಸಾರಲೇಬೇಕು. ನಾನು ಕೇಳುವುದು ಎರಡು ಮಿತಿಗಳನ್ನು. ಗುರುತಿಗೆ ನೆರವಾಗುವ ವಿವರ ಹೊರಗೆ ಹೋಗಲಿ. ಕಾಯಿಲೆ, ಕಾರಣ, ಜಾತಿ, ನಡತೆಯ ಊಹೆ ಒಳಗಿರಲಿ. ಗುರುತು ಸಿಕ್ಕ ದಿನವೇ ಜಾಲತಾಣದಿಂದ ಚಿತ್ರ ಇಳಿಯಲಿ, ಸಿಗದಿದ್ದರೆ ಮುಖದ ಚಿತ್ರದ ಬದಲು ಬಟ್ಟೆ, ಹಚ್ಚೆ, ಒಡವೆಯ ಚಿತ್ರ ಉಳಿಯಲಿ. ಮುಖವನ್ನು ಕಾಣೆಯಾದವರ ಮನೆಯವರು ಠಾಣೆಗೆ ಬಂದು ನೋಡಲಿ. ಇಂಗ್ಲೆಂಡಿನಲ್ಲಿ 1984ರ ಸಾರ್ವಜನಿಕ ಆರೋಗ್ಯ ಕಾಯ್ದೆಯ 46ನೇ ಕಲಮಿನಡಿ ಯಾರೂ ಇಲ್ಲದವರ ಅಂತ್ಯಕ್ರಿಯೆ ಸ್ಥಳೀಯ ಕೌನ್ಸಿಲ್‌ಗಳ ಕರ್ತವ್ಯ. ಸತ್ತವರ ಹೆಸರು, ವಿಳಾಸದ ಪಟ್ಟಿ ಕೊಡಿ ಎಂದು ಆಸ್ತಿಯ ವಾರಸುದಾರರನ್ನು ಹುಡುಕಿ ಪಾಲು ಪಡೆಯುವ ಕಂಪನಿಗಳು ಮಾಹಿತಿ ಹಕ್ಕಿನಡಿ ಅಲ್ಲಿ ಅರ್ಜಿ ಹಾಕುತ್ತವೆ. ಖಾಲಿ ಬಿದ್ದ ಮನೆ ಯಾವುದೆಂದು ಕಳ್ಳರಿಗೂ ಗೊತ್ತಾಗುತ್ತದೆ ಎಂಬ ಕಾರಣಕ್ಕೆ ಹಲವು ಕೌನ್ಸಿಲ್‌ಗಳು ವಿಳಾಸ ಕೊಡಲು ಒಪ್ಪುವುದಿಲ್ಲ. ನಮ್ಮಲ್ಲಿ ಸತ್ತವನ ಹತ್ತಿರ ಬೀಗ ಹಾಕಿದ ಮನೆ ಇರುವುದು ಅಪರೂಪ. ಆದರೆ ಆಧಾರ್ ಚೀಟಿ, ಪಾಸ್‌ಬುಕ್ಕು, ಮೊಬೈಲು ಇರುತ್ತವೆ. ಜೇಬಿನಲ್ಲಿ ಸಿಕ್ಕ ಕಾರ್ಡಿನ ಫೋಟೊ ತೆಗೆದು ಗುಂಪಿಗೆ ಹಾಕುವವರು ಇದನ್ನು ಯೋಚಿಸಬೇಕು.

ಎರಡನೆಯ ಆಕ್ಷೇಪ ಕಾನೂನು ಓದಿದವರದು: ಸತ್ತವರಿಗೆ ಖಾಸಗಿತನವೆಲ್ಲಿ? ಜಯಲಲಿತಾ ಅವರ ಜೀವನದ ಸಿನಿಮಾ ಕುರಿತ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ ಖಾಸಗಿತನ ವಾರಸಿಗೆ ಬರುವ ಆಸ್ತಿಯಲ್ಲ ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸತ್ತ ಮೇಲೆ ತನ್ನ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡುವ ಅವಕಾಶ ಕೊಡುತ್ತದೆ. ನಾಮನಿರ್ದೇಶನ ಮಾಡಲು ಯಾರೂ ಇಲ್ಲದವನಿಗೆ ಅದರಿಂದ ಪ್ರಯೋಜನ ಕಡಿಮೆ. ಇಷ್ಟನ್ನು ಒಪ್ಪುತ್ತೇನೆ. ಆದರೆ ಖಾಸಗಿತನ ಮುಗಿದಲ್ಲಿ ಘನತೆ ಮುಗಿಯುವುದಿಲ್ಲ. ನಿರ್ಗತಿಕನಾಗಿ ಸತ್ತವನಿಗೂ ಅವನ ನಂಬಿಕೆಗೆ ತಕ್ಕ ಗೌರವದ ಅಂತ್ಯಕ್ರಿಯೆ ಸಲ್ಲಬೇಕು ಎಂಬುದನ್ನು ಆಶ್ರಯ್ ಅಧಿಕಾರ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಎತ್ತಿಹಿಡಿದಿದೆ. ಜೊತೆಗೆ, ಏಡ್ಸ್, ಕ್ಷಯ, ಆತ್ಮಹತ್ಯೆ ಇಂಥ ಕಾರಣಗಳ ಪೆಟ್ಟು ಬೀಳುವುದು ಬದುಕಿರುವ ಹೆಂಡತಿ ಮಕ್ಕಳ ಮೇಲೆ, ಅವರ ಖಾಸಗಿತನ ಇನ್ನೂ ಜೀವಂತವಾಗಿದೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಮೂರನೆಯ ಆಕ್ಷೇಪ, ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಖಾಸಗಿತನದ ಹೆಸರಲ್ಲಿ ಅಧಿಕಾರಿಗಳು ತಮ್ಮ ತಪ್ಪನ್ನು ಮುಚ್ಚುತ್ತಾರೆ ಎಂಬ ಭಯ. ಶವಗಳನ್ನು ಗುಟ್ಟಾಗಿ ಹೂಳಲಾಗಿದೆ ಎಂದು 2025ರಲ್ಲಿ ಧರ್ಮಸ್ಥಳದ ಸುತ್ತ ಎದ್ದ ಆರೋಪಗಳ ಸತ್ಯಾಸತ್ಯ ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ ಆ ಹೊತ್ತಿನಲ್ಲಿ ಒಂದು ಸಂಗತಿ ಸುದ್ದಿಯಾಯಿತು: ಬೆಳ್ತಂಗಡಿ ಠಾಣೆಯ 2000ದಿಂದ 2015ರವರೆಗಿನ ಅಸಹಜ ಸಾವಿನ ಕಡತಗಳನ್ನು ನಿಯಮದ ಪ್ರಕಾರ ನಾಶ ಮಾಡಲಾಗಿದೆ ಎಂದು ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರ. ಯಾರ ಮೇಲೂ ತಪ್ಪು ಹೊರಿಸದೆ ನೋಡಿದರೂ, ಅಪರಿಚಿತರನ್ನು ಹೂತ ಲೆಕ್ಕಕ್ಕೆ ಕಡತವೇ ಇಲ್ಲ ಎನ್ನುವುದು ಆರೋಪಿತರಿಗೂ ನ್ಯಾಯವಲ್ಲ, ಆರೋಪ ಮಾಡಿದವರಿಗೂ ಸಮಾಧಾನವಲ್ಲ. ಇದರ ಮೇಲೆ, ದತ್ತಾಂಶ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ತಿದ್ದುಪಡಿಯಾಗಿ, 2025ರ ನವೆಂಬರ್‌ನಿಂದ ವೈಯಕ್ತಿಕ ಮಾಹಿತಿ ಎಂಬ ಒಂದೇ ಮಾತಿನಿಂದ ಅರ್ಜಿ ತಿರಸ್ಕರಿಸುವ ದಾರಿ ಸಲೀಸಾಗಿದೆ. ಹಾಗಾಗಿ ಮುಚ್ಚಿಡಿ ಎಂದಷ್ಟೇ ಹೇಳಿ ನಿಲ್ಲುವ ವಾದ ಅಪಾಯಕಾರಿ. ಎಷ್ಟು ಅಪರಿಚಿತ ಶವಗಳು ಬಂದವು, ಯಾವ ದಿನ, ಯಾವ ಯುಡಿಆರ್ ಸಂಖ್ಯೆ, ಎಲ್ಲಿ ಹೂಳಲಾಯಿತು, ಎಷ್ಟು ಖರ್ಚಾಯಿತು, ಎಷ್ಟು ಜನರ ಗುರುತು ಆಮೇಲೆ ಸಿಕ್ಕಿತು ಇವು ಆಡಳಿತದ ಲೆಕ್ಕ. ಇದರಲ್ಲಿ ಯಾರ ಖಾಸಗಿತನವೂ ಇಲ್ಲ, ನಗರಸಭೆಯ ಬಾಗಿಲಿಗೇ ಅಂಟಿಸಬಹುದು. ಮುಖ, ಕಾರಣ, ಡಿಎನ್‌ಎ ಕಪಾಟಿನೊಳಗೆ ಇರಲಿ. ಕಪಾಟಿನ ಕೀಲಿ ಒಂದೇ ಇಲಾಖೆಯ ಕೈಯಲ್ಲಿ ಇರುವುದು ಬೇಡ. ನಾಶ ಮಾಡುವ ಅವಧಿ ಎಂಬುದು ಈ ಕಡತಗಳಿಗೆ ಅನ್ವಯಿಸಲೇಬಾರದು.

ನಗರಸಭೆಗೆ ಇಷ್ಟೆಲ್ಲ ಮಾಡುವ ಜನಬಲ ಎಲ್ಲಿದೆ ಎಂದು ಕೇಳುವವರಿದ್ದಾರೆ. ಕಷ್ಟವಿದೆ ನಿಜ. ಆದರೆ ಕೇಳುತ್ತಿರುವುದು ಒಂದು ಪುಸ್ತಕ, ಸ್ಮಶಾನದಲ್ಲಿ ಸಂಖ್ಯೆ ಬರೆದ ಒಂದು ಕಲ್ಲು, ಮತ್ತು ಗುರುತು ಸಿಗದವರನ್ನು ಸುಡದೆ ಹೂಳುವ ಈಗಿನ ರೂಢಿಯನ್ನು ನಿಯಮವಾಗಿ ಬರೆಯುವುದು. ಮರಣ ನೋಂದಣಿ 2023ರ ತಿದ್ದುಪಡಿಯ ನಂತರ ಆ ವರ್ಷದ ಅಕ್ಟೋಬರ್ 1ರಿಂದ ರಾಷ್ಟ್ರಮಟ್ಟದ ದತ್ತಕೋಶಕ್ಕೆ ಸೇರುವ ಏರ್ಪಾಡಾಗಿದೆ. ಅಪರಿಚಿತ ಎಂಬ ಸಾಲೂ ಅಲ್ಲಿಗೇ ಹೋಗುತ್ತದೆ. ಮುಂದೆ ಹೆಸರು ಸಿಕ್ಕಾಗ ಅದನ್ನು ತಿದ್ದಲು 15ನೇ ಕಲಮಿನಲ್ಲಿ ಅವಕಾಶವಿದೆ, ಯಾವ ಸಾಲನ್ನು ತಿದ್ದಬೇಕು ಎಂದು ತೋರಿಸುವ ಸಂಖ್ಯೆ ಮಾತ್ರ ಬೇಕು. ಯುಡಿಆರ್ ಸಂಖ್ಯೆ, ಕುಣಿಯ ಸಂಖ್ಯೆ, ನೋಂದಣಿ ಸಂಖ್ಯೆ ಈ ಮೂರನ್ನು ಒಂದೇ ಹಾಳೆಯಲ್ಲಿ ಬರೆಯಬೇಕೆಂದು ಯಾದಗಿರಿ, ಶಹಾಪುರ, ಸುರಪುರ ನಗರಸಭೆಗಳು ತಮ್ಮ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು. ಅದಕ್ಕೆ ಬೆಂಗಳೂರಿನ ಆದೇಶವೂ ಬೇಡ, ದೆಹಲಿಯ ಕಾಯ್ದೆಯೂ ಬೇಡ.